ಎರಡನೇ ಭಾಗದ ಉಸಿರು

"ಬರೋಕ್ ಸಂಗೀತ ಏನು ಮಹಾ ಬ್ರಹ್ಮವಿದ್ಯೆಯೆ? ಈ ವರ್ಷ ಮುಗಿಯೋದರೊಳಗೆ ಅದರ ಮೂಳೆ ಬೇರೆ, ಮಾಂಸ ಬೇರೆ ಮಾಡಿ ತೋರಿಸ್ತೀನಿ," ಎಂದು ಪ್ರೊಫೆಸರಮ್ಮ ಊಟದ ಮೇಜಿನ ಮೇಲೆ ಕೈಯೂರಿ ಘೋಷಿಸಿದರು. ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಕಪ್ಪೆಯಿಂದ ಹಿಡಿದು ಕುಲಪತಿಯವರೆಗೆ ಅವರ ಕೈಗೆ ಸಿಕ್ಕಿ ಇಡಿಯಾಗಿ ಉಳಿದವರಿಲ್ಲ.

ಈ ಭೀಷ್ಮಪ್ರತಿಜ್ಞೆಗೆ ಕಾರಣ ಬೀಗಿತ್ತಿ. ಮಗಳ ಅತ್ತೆ ಪಿಟೀಲು ಟೀಚರು. ಹಿಂದಿನ ಭಾನುವಾರ ತಮ್ಮ ಮನೆಯಲ್ಲಿ ಮುನ್ನೂರು ವರ್ಷ ಹಳೆಯ ಯಾವುದೋ ಯುರೋಪಿನ ಬರೋಕ್ ರಚನೆಯ ರೆಕಾರ್ಡು ಹಾಕಿದ್ದರು. ಕೇಳಿ ಮುಗಿಸಿದ ಪ್ರೊಫೆಸರಮ್ಮ, "ಹೊಲಿಗೆ ಮಿಷನ್ ಓಡಿದ ಹಾಗಿದೆ," ಎಂದರು.

"ಬಿಡಿ ಬೀಗರೇ. ವಿಜ್ಞಾನದವರಿಗೆ ದೇವರು ಕಿವಿ ಕೊಟ್ಟಿರೋದೇ ಕನ್ನಡಕ ಸಿಕ್ಕಿಸಿಕೊಳ್ಳೋಕೆ," ಎಂದು ಬೀಗಿತ್ತಿ ನಕ್ಕರು. ಅಳಿಯನೂ ನಕ್ಕ. ಮಗಳು ನಗಲಿಲ್ಲ, ತಟ್ಟೆ ನೋಡಿಕೊಂಡಳು. ಅದೇ ಹೆಚ್ಚು ಚುಚ್ಚಿತು.

ಪ್ರತಿಜ್ಞೆಯ ಮರುದಿನವೇ ರೆಕಾರ್ಡ್ ಪ್ಲೇಯರ್ ಬಂತು, ರೆಕಾರ್ಡುಗಳು ಬಂದವು, ದಪ್ಪ ದಪ್ಪ ಪುಸ್ತಕಗಳು ಬಂದವು. ಯಜಮಾನರಿಗೆ ಆಜ್ಞೆಯೂ ಬಂತು. ಅವರು ನಿವೃತ್ತ ಜಡ್ಜು. ಈಗ ಕೆಟ್ಟ ಗಡಿಯಾರಗಳ ವಿಚಾರಣೆ ನಡೆಸುತ್ತಿದ್ದರು.

"ಊಟ ಆದಮೇಲೆ ನಾನು ಕೇಳೋ ಹೊತ್ತು. ಮನೇಲಿ ಒಂದು ಸದ್ದೂ ಆಗಕೂಡದು."

"ಗಡಿಯಾರ ಟಿಕ್ ಅಂದರೆ ನಾನೇನು ಮಾಡಲಿ ಕಣೇ?"

"ನಿಮ್ಮ ಹತ್ತಿರ ಇರೋದೆಲ್ಲ ಕೆಟ್ಟು ನಿಂತ ಗಡಿಯಾರ. ಅವಕ್ಕೆ ಇರೋ ಬುದ್ಧಿ ನಿಮಗೂ ಇರಲಿ."

ಮೇಲ್ಮನವಿಗೆ ಅವಕಾಶವಿರಲಿಲ್ಲ. ಜಡ್ಜು ಪುಟ್ಟ ಸ್ಕ್ರೂಡ್ರೈವರು, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಎತ್ತಿಕೊಂಡು ಬಾಗಿಲ ಪರದೆಯಾಚೆಯ ಕೋಣೆಗೆ ವಲಸೆ ಹೋದರು.

ಮೊದಮೊದಲು ಹೊಲಿಗೆ ಮಿಷನ್ನೇ ಓಡಿತು. ಆಮೇಲೊಂದು ದಿನ, ಬೀಗಿತ್ತಿ ಹಾಕಿದ್ದ ಅದೇ ರಚನೆಯ ನಿಧಾನವಾದ ಎರಡನೇ ಭಾಗದಲ್ಲಿ, ಒಂಟಿ ತಂತಿವಾದ್ಯ ನುಡಿಯುತ್ತಾ ನುಡಿಯುತ್ತಾ ಗಕ್ಕನೆ ನಿಂತಿತು. ಮೌನ. ಮತ್ತೆ ಶುರುವಾಗುತ್ತಿದ್ದಂತೆ ಒಂದು ನೀಳವಾದ ಉಸಿರು: "ಹೂಂ...ಫ್."

ಪ್ರೊಫೆಸರಮ್ಮ ನೆಟ್ಟಗೆ ಕುಳಿತರು. ಪುಸ್ತಕದಲ್ಲಿ ಬರೆದಿತ್ತು: ಒಳ್ಳೆಯ ರೆಕಾರ್ಡಿನಲ್ಲಿ ವಾದಕರ ಉಸಿರು, ಕುರ್ಚಿಯ ಕಿರುಗುಟ್ಟುವಿಕೆ ಕೂಡ ಹಿಡಿದಿರುತ್ತದೆ, ಪಳಗಿದ ಕಿವಿಗೆ ಮಾತ್ರ ಅದು ದಕ್ಕುತ್ತದೆ. ಮರುದಿನ ಹಾಕಿದರು. ಅದೇ ಜಾಗ, ಅದೇ ಉಸಿರು. ಪ್ರಯೋಗದಿಂದ ಸಿದ್ಧವಾಯಿತು.

ಅಲ್ಲಿಂದ ದಿನವೂ ಆ ಉಸಿರಿಗಾಗಿ ಕಾದರು. ಕಾಯಬೇಕಾದರೆ ಅದರ ಹಿಂದಿನದನ್ನು ಕೇಳಲೇಬೇಕಲ್ಲ. ಹಾಗೆ ಕೇಳುತ್ತಾ ಕೇಳುತ್ತಾ ಆ ಸ್ವರಗಳು ಯಾಕೆ ಅಷ್ಟು ಹೊತ್ತು ಮೆಟ್ಟಿಲಿಳಿದು ಬಂದು ಅಲ್ಲೇ ನಿಲ್ಲುತ್ತವೆ ಎಂಬುದು ಅವರಿಗೆ ಅರ್ಥವಾಗತೊಡಗಿತು. ಒಂದು ಮಧ್ಯಾಹ್ನ ಕಣ್ಣು ಒದ್ದೆಯಾಯಿತು. ಧೂಳು ಎಂದು ರೋಗನಿರ್ಣಯ ಮಾಡಿ, ಕಿಟಕಿ ಮುಚ್ಚಿಸಿದರು.

ಸುದ್ದಿ ಹೊಟ್ಟೆಯಲ್ಲಿ ಉಳಿಯಲಿಲ್ಲ. ಮಗಳಿಗೆ ಫೋನು ಹೋಯಿತು. ರೆಕಾರ್ಡ್ ಅಂಗಡಿಯವನಿಗೆ ಉಪನ್ಯಾಸವಾಯಿತು. ಅವನು ಕೈಮುಗಿದು ಆಳೆತ್ತರದ ಸ್ಪೀಕರುಗಳನ್ನು ಮಾರಿದ. ಅವನ್ನು ಪರದೆಯ ಎರಡೂ ಬದಿಗೆ ನಿಲ್ಲಿಸಿ, ಕುರ್ಚಿಯನ್ನು ಅಲ್ಲಿಗೇ ಎಳೆದುಕೊಂಡು ಕೂತರೆ, ಉಸಿರು ಇನ್ನೂ ಸ್ಪಷ್ಟ! ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕೊನೆಗೆ ಬೀಗಿತ್ತಿಗೆ ಆಹ್ವಾನ ಹೋಯಿತು.

ಭಾನುವಾರ ಬೀಗಿತ್ತಿ, ಮಗಳು, ಅಳಿಯ ಬಂದು ಕೂತರು. ಜಡ್ಜು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೋಫಾದ ಮೂಲೆ ಹಿಡಿದರು. ಎರಡನೇ ಭಾಗ ಶುರುವಾಯಿತು. ಪ್ರೊಫೆಸರಮ್ಮ ಕಣ್ಣು ಮುಚ್ಚಿ, ತೋರುಬೆರಳೆತ್ತಿದರು.

"ಈಗ ನಿಲ್ಲುತ್ತೆ. ಶುರುವಾಗುವಾಗ ಗಮನ ಇಟ್ಟು ಕೇಳಿ. ವಾದಕ ಉಸಿರು ಬಿಡ್ತಾನೆ."

ವಾದ್ಯ ನಿಂತಿತು. ಮೌನ. ಮತ್ತೆ ಶುರುವಾಯಿತು.

"ಹೂಂ...ಫ್."

"ಕೇಳಿಸ್ತೇ?"

"ಕೇಳಿಸ್ತು ಬೀಗರೇ," ಎಂದರು ಬೀಗಿತ್ತಿ. "ಬಹಳ ಹತ್ತಿರದಲ್ಲೇ ಕೇಳಿಸ್ತು."

ಪ್ರೊಫೆಸರಮ್ಮ ಕಣ್ತೆರೆದರು. ಎಲ್ಲರೂ ಸೋಫಾದ ಮೂಲೆ ನೋಡುತ್ತಿದ್ದರು. ಅಲ್ಲಿ ಜಡ್ಜು, ಮುಖವೆಲ್ಲ ಕೆಂಪಾಗಿ, ಎದೆ ನೀವಿಕೊಳ್ಳುತ್ತಿದ್ದರು.

"ರೀ, ಏನದು?"

"ನೀನೇ ತಾನೆ ಸದ್ದು ಮಾಡಕೂಡದು ಅಂದಿದ್ದು? ಅದು ನಿಂತಾಗ ಉಸಿರಾಡಿದ್ರೂ ನಿನಗೆ ಕೇಳಿಸುತ್ತೆ ಅಂತ ಬಿಗಿಹಿಡೀತೀನಿ. ಶುರುವಾದ ಮೇಲೆ ಬಿಡ್ತೀನಿ. ಈಗ ಅಭ್ಯಾಸವಾಗಿಹೋಗಿದೆ ಕಣೇ."

ಅಳಿಯ ನೀರು ಕುಡಿಯುವ ನೆಪದಲ್ಲಿ ಎದ್ದುಹೋದ. ಈ ಸಲ ಮಗಳೂ ನಕ್ಕಳು. ಬೀಗಿತ್ತಿ ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ಅವತ್ತು ನಾನು ಆಡಿದ್ದು ತಪ್ಪು. ನಿಮ್ಮ ಕಿವಿ ಬಲು ಚುರುಕು. ಪರದೆಯಾಚೆಗೂ ಕೇಳುತ್ತೆ."

ಮರುದಿನ ಊಟವಾದ ಮೇಲೆ ಯಜಮಾನರಿಗೆ ಬಿಡುಗಡೆಯ ಆದೇಶ ಸಿಕ್ಕಿತು: ಎಲ್ಲಿ ಬೇಕಾದರೂ ಕೂತು, ಹೇಗೆ ಬೇಕಾದರೂ ಉಸಿರಾಡಬಹುದು. ಅವರು ಪತ್ರಿಕೆ ಹಿಡಿದು ಮನೆಯ ಹಿಂದಿನ ಜಗಲಿಗೆ ಹೋದರು. ಪ್ರೊಫೆಸರಮ್ಮ ರೆಕಾರ್ಡು ಹಾಕಿದರು. ವಾದ್ಯ ಮೆಟ್ಟಿಲಿಳಿದು ಬಂದು ನಿಂತಿತು. ಮೌನ. ಮತ್ತೆ ಶುರುವಾಯಿತು. ಅಷ್ಟೇ.

ಪ್ಲೇಯರಿನ ಮುಳ್ಳು ಎತ್ತಿ ಮತ್ತೆ ಇಟ್ಟರು. ಅಷ್ಟೇ.

ಪ್ರೊಫೆಸರಮ್ಮ ಎದ್ದು ಮಲಗುವ ಕೋಣೆಯಿಂದ ತಮ್ಮ ಅಲಾರಾಂ ಗಡಿಯಾರ ತಂದರು. ಕೊಂಡಾಗಿನಿಂದ ಒಂದು ನಿಮಿಷವೂ ತಪ್ಪದ ಗಡಿಯಾರ. ಅದನ್ನು ಜಗಲಿಯಲ್ಲಿದ್ದ ಯಜಮಾನರ ಮಡಿಲಲ್ಲಿಟ್ಟರು.

"ಇದನ್ನ ರಿಪೇರಿ ಮಾಡಿ."

"ಸರಿಯಾಗೇ ಓಡ್ತಿದೆಯಲ್ಲೇ."

"ಓಡ್ತಿರೋದೇ ತೊಂದರೆ. ಪರದೆಯಾಚೆ ಕೂತು ನಿಲ್ಲಿಸಿ. ಸದ್ದು ಮಾಡಕೂಡದು."

ಜಡ್ಜು ಭೂತಗನ್ನಡಿಯನ್ನು ಜೇಬಿನಿಂದ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. "ಉಸಿರು?"

"ಎರಡನೇ ಭಾಗದಲ್ಲಿ ಮಾತ್ರ," ಎಂದರು ಪ್ರೊಫೆಸರಮ್ಮ.