ಸಾಬಣ್ಣ ಮಾವನ ಕೊನೆಯ ಪಾತ್ರ

ನಗೆಗೀಡಾಗದೆ ಬದುಕುವುದೇ ವಿದ್ಯೆಯ ಫಲವೆಂದು ನಾನು ಬಹುಕಾಲ ನಂಬಿದ್ದೆ. ಕುರಿ ಕಾಯುವ ಮನೆತನದ ಮೊದಲ ಪದವೀಧರನಾದ ನನಗೆ, ಒಂದು ವಾಕ್ಯವನ್ನು ಮನಸ್ಸಿನಲ್ಲಿ ತಿದ್ದದೆ ಬಾಯಿಂದ ಹೊರಬಿಡುವ ಧೈರ್ಯ ಇಂದಿಗೂ ಬಂದಿಲ್ಲ.

ದೋರನಹಳ್ಳಿಯ ನನ್ನ ಸೋದರಮಾವ ಸಾಬಣ್ಣನು ನಾಟಕಗಳಲ್ಲಿ ಹಾಸ್ಯಪಾತ್ರಧಾರಿ. ನಿಜಾಮರ ಕಾಲದಲ್ಲಿ ಅವನು ಕಂದಾಯದ ಅಧಿಕಾರಿ ಗಿರ್ದಾವರ ಸಾಹೇಬನ ವೇಷ ಹಾಕಿ, ಟೋಪಿ ಓರೆ ಮಾಡಿಕೊಂಡು ಉರ್ದುವಿನಲ್ಲಿ ಗದರಿದರೆ, ಸುರಪುರದಿಂದ ವಡಗೇರಾದವರೆಗೆ ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಸಂಸ್ಥಾನ ವಿಲೀನವಾಯಿತು. ಸಾಹೇಬರು ಹೋದರು, ಅವರ ಹಿಂದೆಯೇ ಮಾವನ ನಗೆಯೂ ಹೋಯಿತು. ಹೆದರಿಕೆಯೇ ಇಲ್ಲದ ಮೇಲೆ ಜನರು ಕದ್ದು ನಗುವುದಾದರೂ ಏಕೆ? ಟೋಪಿ ಕಂಡೊಡನೆ ಬೀಡಿ ಹಚ್ಚಲು ಏಳತೊಡಗಿದರು. “ರಂಗಂಪೇಟಿ ಆಟದಾಗ ನಗಸಲಿಲ್ಲಂದ್ರ, ಮುಂದ ಪರದೆ ಎಳಿಯಾಕ ನಿಲ್ಲು ಸಾಬಣ್ಣ” ಎಂದರು ನಾಟಕದ ಮಾಸ್ತರರು. ಅಂದಿನಿಂದ ಮಾವ ಶಹಾಪುರದ ನನ್ನ ತಾಲೂಕು ಕಚೇರಿಗೆ ಬಂದು, ಬಾಗಿಲ ಬಳಿ ಕುಳಿತು, ನನ್ನನ್ನೇ ನೋಡತೊಡಗಿದ. ನಾನು ಅದನ್ನು ದುಃಖವೆಂದು ಭಾವಿಸಿದೆ.

ರಂಗಂಪೇಟೆಯಲ್ಲಿ ಅದೇನೆಂದು ತಿಳಿಯಿತು. ಮಾವ ನನ್ನಂಥದೇ ಕೋಟು ತೊಟ್ಟು ಬಂದ. ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕುಳಿತ. ಸಂಶಯ ಬಂದು ಎದ್ದು ಮತ್ತೆ ಒರೆಸಿದ. ಎದುರಿಗೆ ನಿಂತ ರೈತನಿಗೆ, “ತಾವು ದಯಮಾಡಿ ಆಗಮನದ ಉದ್ದೇಶವನ್ನು ನಿವೇದಿಸತಕ್ಕದ್ದು” ಎಂದ. ಜನ ಉರುಳಾಡಿ ನಕ್ಕರು. ನಗದೆ ಕುಳಿತವನು ನಾನೊಬ್ಬನೇ. ಆ ವಾಕ್ಯದಲ್ಲಿ ತಪ್ಪೇನಿದೆಯೆಂದು ಹುಡುಕುತ್ತಿದ್ದೆ.

ಪಾತ್ರ ಮೆಚ್ಚಿದವರು ಆಟದ ನಡುವೆಯೇ ರಂಗವೇರಿ ಟವೆಲು ಹೊದಿಸಿ ಆಯೇರಿ ಮಾಡುವುದು ನಮ್ಮ ಕಡೆಯ ಪದ್ಧತಿ. ಅಳಿಯನಾದ ನಾನು ಹೋಗದಿದ್ದರೆ ಮುನಿಸೆಂದು ಊರಿಗೇ ತಿಳಿಯುತ್ತದೆ. ಟವೆಲು ಹಿಡಿದು ಮೇಲೇರಿ, “ತಮ್ಮ ಅಭಿನಯವು ಅತ್ಯಂತ ಶ್ಲಾಘನೀಯವಾಗಿದೆ” ಎಂದೆ.

ನಗೆ ಇಮ್ಮಡಿಯಾಯಿತು. “ಮಾವಗಿಂತ ಅಳಿಯಾನ ಚೊಲೊ ಮಾಡ್ತಾನಲೇ” ಎಂದರು ಮುಂದಿನ ಸಾಲಿನವರು.

ಟವೆಲು ಹೊದಿಸುವಾಗ ಮಾವ ನನ್ನ ಕಿವಿಯ ಬಳಿ ಬಾಗಿದ. “ಸಿಟ್ಟಾಗಬ್ಯಾಡ ತಮ್ಮಾ” ಎಂದು ಪಿಸುಗುಟ್ಟಿದ, “ಪರದೆ ಎಳಕೋತ ಬದುಕಾಕ ನನಗ ಆಗಂಗಿಲ್ಲ.”

ಸಾಯುವವರೆಗೂ ಅವನು ನಾನಾಗಿಯೇ ಬದುಕಿದ. ಈಗ ಅವನಿಲ್ಲ. ಕಚೇರಿಗೆ ಬಂದವರು ಕೆಲಸ ಮುಗಿದರೂ ಹೋಗುವುದಿಲ್ಲ.

“ಇನ್ನೇನು ಅಪೇಕ್ಷಿತವಾಗಿದೆ?” ಎಂದು ಕೇಳುತ್ತೇನೆ.

“ಏನಿಲ್ರೀ ಸಾಹೇಬ್ರ, ಇನ್ನೊಂದು ಸಲ ಕುರ್ಚಿ ಒರಸ್ರಿ. ಸಾಬಣ್ಣನ್ನ ನೋಡ್ದಂಗ ಆಗ್ತದ.”

ಎದ್ದು ಒರೆಸುತ್ತೇನೆ. ಧೂಳಂತೂ ನಿಜವಾಗಿಯೂ ಇರುತ್ತದೆ.