ಬೀಗರ ಮುಂದೆ ಇಳಿದ ಸಕ್ಕರೆ

ರೋಗ ಬಚ್ಚಿಡುವುದೆಂದರೆ ಹೊಟ್ಟೆ ಒಳಗೆಳೆದುಕೊಂಡು ಫೋಟೊಕ್ಕೆ ನಿಂತ ಹಾಗೆ. ಎಷ್ಟು ಹೊತ್ತು ಉಸಿರು ಕಟ್ಟಲಾದೀತು? ಆದರೂ ನಾನು ಕಟ್ಟಿದೆ. ಕೊಟ್ಟೂರಿನ ನಮ್ಮ ಮನೆಗೆ ಮಗಳು ಗಿರಿಜಾಳನ್ನು ನೋಡಲು ಹಂಪಸಾಗರದವರು ಬರುವವರಿದ್ದರು. ಹೆಂಡತಿ ಹಿಂದಿನ ದಿನವೇ ತಾಕೀತು ಮಾಡಿದ್ದಳು: "ಶುಗರ್ ಐತಿ ಅಂತ ಬಾಯಿ ಬಿಡಬ್ಯಾಡ್ರಿ ಮತ್ತ. ವಂಶದಾಗ ಐತಿ, ನಾಳೆ ಹುಡುಗಿಗೂ ಬರ್ತೈತಿ ಅಂತ ಎದ್ದು ಹೋಗ್ತಾರ."

ಬೆಳಿಗ್ಗೆ ಎಂದಿನಂತೆ ಗುಳಿಗೆ ನುಂಗಿದೆ. ತಿಂಡಿಯನ್ನು ಬೀಗರ ಜೊತೆಗೇ ತಿಂದರಾಯಿತೆಂದು ಬರೀ ಹೊಟ್ಟೆಯಲ್ಲಿ ಕೂತೆ. ಅವರ ಬಸ್ಸು ದಾರಿಯಲ್ಲಿ ಕೆಟ್ಟಿತ್ತು. ತಿಳಿಸಲು ಆಗ ಮೊಬೈಲು ಎಲ್ಲಿತ್ತು? ಬಂದಾಗ ಮಧ್ಯಾಹ್ನ. ಬಸ್ಸು ಕೆಟ್ಟದ್ದು ಗುಳಿಗೆಗೆ ಗೊತ್ತಿಲ್ಲ. ಅನ್ನ ಬರಲಿ ಬಿಡಲಿ, ಅದು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಇಳಿಸುತ್ತದೆ, ಇನ್ಸುಲಿನ್ ರಕ್ತದ ಸಕ್ಕರೆಯನ್ನು ಜೀವಕೋಶಗಳೊಳಗೆ ಕಳಿಸುತ್ತಲೇ ಇರುತ್ತದೆ. ಪಿತ್ತಜನಕಾಂಗ ತಾನು ಕೂಡಿಟ್ಟದ್ದನ್ನು ಬಿಚ್ಚಿ ಕೊಟ್ಟರೂ ಸಾಲದಾದಾಗ ಮೈ ಕೂಗಿಕೊಳ್ಳುತ್ತದೆ. ನನಗೂ ಬೆವರು ಬಂತು, ಕೈ ನಡುಗಿತು, ಎದೆ ಡವಡವ ಅಂದಿತು.

ಎದುರಿಗೆ ಲಾಡಿನ ತಟ್ಟೆ ಇತ್ತು. ಒಂದು ತಿಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಕೈ ಚಾಚಿದೆ. ಹೆಂಡತಿ ನಗುನಗುತ್ತ ತಟ್ಟೆಯನ್ನು ಹುಡುಗನ ತಂದೆಯ ಕಡೆ ಸರಿಸಿ, "ಇವರಿಗೆ ಸಿಹಿ ಸೇರಂಗಿಲ್ರಿ" ಎಂದಳು. ಇಲ್ಲವೆನ್ನಲು ನಾಲಿಗೆ ಹೊರಳಲಿಲ್ಲ. ತೊದಲುತ್ತ ಹುಡುಗನ ಹೆಸರು ಕೇಳಿದೆ. ಹೇಳಿದ. ಮತ್ತೆ ಅದನ್ನೇ ಕೇಳಿದೆ. ಅವನ ತಂದೆ ಲಾಡು ಕೆಳಗಿಟ್ಟು ತಣ್ಣಗೆ ಕೇಳಿದರು: "ಯಜಮಾನ್ರು ಮುಂಜಾನೇನ ಸ್ವಲ್ಪ ತಗೊಂಡಾರೇನು?"

ಕುಡುಕನ ಮಗಳು ಎಂಬ ಮಾತು ಹಂಪಸಾಗರ ಮುಟ್ಟಿದರೆ ಹಡಗಲಿ, ಹರಪನಹಳ್ಳಿ ಮುಟ್ಟಲು ಎಷ್ಟು ಹೊತ್ತು? ಆಗ, ಇನ್ನೂ ಯಾರೂ ಕರೆಯದ ಗಿರಿಜಾ ಸಕ್ಕರೆ ನೀರಿನ ಲೋಟ ಹಿಡಿದು ಪಡಸಾಲೆಗೆ ಬಂದಳು.

"ನಮ್ಮಪ್ಪ ಕುಡಿಯಂಗಿಲ್ರಿ. ಶುಗರ್ ಐತಿ, ಈಗ ಪೂರಾ ಇಳದೈತಿ. ಸಂಬಂಧ ಬ್ಯಾಡಾದ್ರ ಆಮ್ಯಾಗ ಹೇಳ್ರಿ, ಮೊದ್ಲು ಯಾರರ ಅಪ್ಪನ್ನ ಹಿಡ್ಕೊಳ್ರಿ."

ಎದ್ದವನು ಹುಡುಗ. ಬೆನ್ನಿಗೆ ಕೈ ಕೊಟ್ಟು ಕೂಡಿಸಿ, "ಮಾವಾರ, ಸಣ್ಣಗ ಕುಡೀರಿ" ಎಂದನಂತೆ. ನನಗೆ ಕೇಳಿಸಿದ್ದು ಬರೀ ಗುಂಯ್ ಎಂಬ ಸದ್ದು. ಆ 'ಮಾವಾರ' ಹೆಂಡತಿಗೆ ಕೇಳಿಸಿತ್ತು; ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ.

ಸ್ವಲ್ಪ ಹೊತ್ತಿಗೆ ಗೋಡೆ, ಬಾಗಿಲು, ಬೀಗರು ತಮ್ಮ ತಮ್ಮ ಜಾಗಕ್ಕೆ ಬಂದರು. ಹುಡುಗನ ತಂದೆ ಗಿರಿಜಾಳನ್ನೇ ನೋಡುತ್ತಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ಇರ್ಲಿ ಬಿಡ್ರಿ, ಹುಡುಗಿ ನೋಡೋದು ಮುಗೀತು," ಎಂದರು, "ಎಲಿ ಹಾಕಿಸ್ರಿ, ಪಾಪ, ನಿಮಗ ಹಸಿವಾಗೈತಿ."

ಮದುವೆ ಆಯಿತು. ಈಗ ಹೆಣ್ಣು ಕೊಡುವ ಮಾತು ಬಂದಲ್ಲೆಲ್ಲ ನಾನು, "ಗಂಡನ್ನು ಪರೀಕ್ಷೆ ಮಾಡಿಯೇ ಮಗಳನ್ನು ಕೊಟ್ಟೆ" ಎಂದು ಗಂಭೀರವಾಗಿ ಹೇಳುತ್ತೇನೆ. ಕೇಳಿದವರು ತಲೆದೂಗುತ್ತಾರೆ. ಒಳಗಿನಿಂದ ಹೆಂಡತಿಯ ದನಿ ಬರುತ್ತದೆ: "ಹೌದ್ರಿ, ಕಣ್ಣು ಮುಚ್ಕೊಂಡು ಪರೀಕ್ಷಿ ಮಾಡಿದ್ರು."