ಮುಕ್ಕಳಿಸಿದಷ್ಟೂ ಕಪ್ಪು

ಬಾಗಲಗುಂಟೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಕೊಂಡು ಕೂತರೆ ಸಾಕು ಕಣ್ರೀ, ನಗೋದಕ್ಕೆ ಬೇರೆ ಎಲ್ಲೂ ಹೋಗಬೇಕಾಗಿಲ್ಲ. ಹಂದಿಜ್ವರದ ಗಲಾಟೆ ಎದ್ದ ವರ್ಷವಂತೂ ದಿನಕ್ಕೊಂದು ಪ್ರಸಂಗ. ಅದರಲ್ಲಿ ಒಬ್ಬನನ್ನು ಮಾತ್ರ ನಾನು ಮರೆಯೋ ಹಾಗಿಲ್ಲ.

೧. ಬಾಗಿಲಾಚೆಯ ಅಪ್ಪ

ಪೀಣ್ಯದಲ್ಲಿ ಲೇತ್ ಓಡಿಸ್ತಿದ್ದ, ಬಾಗಲಕೋಟೆ ಕಡೆಯವನು. ಹೆಂಡತಿಗೆ ಹೆರಿಗೆಯಾದ ದಿನವೇ ಇವನಿಗೆ ಜ್ವರ, ಕೆಮ್ಮು. ಬಾಣಂತನಕ್ಕೆ ಬಂದಿದ್ದ ಅತ್ತೆ ಇವನನ್ನು ಪಕ್ಕದ ರೂಮಿಗೆ ಅಟ್ಟಿಬಿಟ್ಟರು. ಪಾಪ, ಮಗಳನ್ನು ಕಿಟಕಿಯಿಂದ ನೋಡಿದ್ದಷ್ಟೇ. ಡಾಕ್ಟರು ಗಂಟಲಿಗೆ ಅಂತ ಮುಕ್ಕಳಿಸೋ ಅಯೋಡಿನ್ ಔಷಧಿ ಬರೆದಿದ್ದರು.

"ಇದರಾಗ ಮುಕ್ಕಳಿಸಿದ್ರ ಕೂಸಿನ್ನ ಎತ್ಕೋಬಹುದಲ್ರೀ ಸರ?"

"ಇದು ಬಾಯಿ, ಗಂಟಲು ಕ್ಲೀನ್ ಮಾಡುತ್ತೆ ಕಣಪ್ಪ. ವೈರಸ್ಸು ಮೂಗಲ್ಲೂ ಎದೆಯಲ್ಲೂ ಕೂತಿರುತ್ತೆ, ಅಲ್ಲಿಗೆ ಇದು ಮುಟ್ಟಲ್ಲ. ಡಾಕ್ಟರು ಹೂಂ ಅನ್ನೋವರೆಗೂ ದೂರಾನೇ ಇರು."

ಸ್ವಲ್ಪ ಯೋಚಿಸಿದ. "ಹಂಗಾದ್ರ ಎರಡು ಬಾಟ್ಲಿ ಕೊಡ್ರಿ."

೨. ವಿಷ ಹೊರಬಂತು

ಹತ್ತು ದಿನ ಬಿಟ್ಟು ಮತ್ತೆ ಬಂದ. ಜ್ವರ ಇಲ್ಲ, ಕೆಮ್ಮಿಲ್ಲ, ಮಗು ಎತ್ತಿಕೋ ಅಂತ ಡಾಕ್ಟರೂ ಹೇಳಿದ್ದಾರೆ. ಮುಖ ಮಾತ್ರ ಅಳೋ ಹಾಗಿದೆ.

"ನಮ್ಮತ್ತಿ ಬಿಡವಲ್ರು ಸರ. ಉಂಡು ಮುಕ್ಕಳಿಸಿದಾಗೆಲ್ಲ ಕರ್ರಗ ಬರಾಕತ್ತೈತಿ. ಜ್ವರದ ವಿಷ ಇನ್ನೂ ಒಳಗೈತಿ ಅಂತಾರ."

ನನಗೂ ಗಾಬರಿಯಾಯ್ತು. "ಎಲ್ಲಿ ಉಗುಳ್ತೀಯೋ ಅದನ್ನ?"

ನನ್ನನ್ನು ಪೆದ್ದನ ಹಾಗೆ ನೋಡಿದ. "ತಾಟಿನ್ಯಾಗ್ರೀ. ಉಂಡ ಮ್ಯಾಲೆ ಕೈ ತೊಳೆಯೂದು, ಬಾಯಿ ಮುಕ್ಕಳಿಸೂದು ಎಲ್ಲಾ ಉಂಡ ತಾಟಿನ್ಯಾಗ ಅಲ್ಲೇನ್ರೀ?"

೩. ಅತ್ತೆಯ ತೀರ್ಪು

ಅಯೋಡಿನ್ ಬಿದ್ದರೆ ತಟ್ಟೆಯಲ್ಲಿ ಉಳಿದ ಅನ್ನ ಕಪ್ಪಾಗುತ್ತೆ, ಹೈಸ್ಕೂಲಿನ ಪಾಠ ಅದು. ಶಟರ್ ಎಳೆದು ಅವನ ಜೊತೆ ಹೊರಟೆ. ಅತ್ತೆಯ ಎದುರಿಗೇ ಆರಿದ ಅನ್ನದ ಮೇಲೆ ಆ ಔಷಧಿ ನಾಲ್ಕು ಹನಿ ಹಾಕಿದೆ. ಕಪ್ಪಾಯ್ತು.

"ನೋಡಿ ಅಮ್ಮಾ, ವಿಷ ಅಳಿಯನದಲ್ಲ."

"ಅದಕ್ಕ ಬಡ್ಕೊಂಡೆ, ಬೆಂಗಳೂರು ಅಕ್ಕಿ ಉಣಬ್ಯಾಡ, ರೊಟ್ಟಿ ತಿನ್ನು ಅಂತ!" ಅಂದರು.

ಅವರದೇ ಜೋಳದ ರೊಟ್ಟಿ ಮುರಿದು ಅದಕ್ಕೂ ಹಾಕಿದೆ. ಅದೂ ಕಪ್ಪು. ಊರಿಂದ ಕಟ್ಟಿಕೊಂಡು ಬಂದ ಜೋಳ! ಆಯಮ್ಮ ಗಲ್ಲದ ಮೇಲೆ ಬೆರಳಿಟ್ಟುಕೊಂಡು ರೊಟ್ಟಿಯನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು. ಆಮೇಲೆ ಒಳಗೆ ಹೋಗಿ ಮಗುವನ್ನು ತಂದು ಅವನ ತೊಡೆ ಮೇಲೆ ಮಲಗಿಸಿದರು.

ಅವನು ಗೊಳೋ ಅಂತ ಅತ್ತುಬಿಟ್ಟ. ನನ್ನ ಕಣ್ಣಲ್ಲೂ ನೀರು. ಮಗು ನೋಡೋಣ ಅಂತ ಬಗ್ಗಿದೆ ನೋಡಿ, ನನಗೇ ಬಂತು ಒಂದು ಸೀನು.

ಅತ್ತೆ ಬಾಟ್ಲಿ ತಂದು ನನ್ನ ಕೈಗೇ ತುರುಕಿ ಬಾಗಿಲು ತೋರಿಸಿದರು. ಮಗುವನ್ನು ಅವಚಿಕೊಂಡೇ ಅವನು ಕೂಗಿದ:

"ಸರ, ತಾಟಿನ್ಯಾಗ ಉಗುಳಬ್ಯಾಡ್ರಿ, ಹತ್ತು ದಿನಾ ಹೊರಗ ಕೂಡಸ್ತಾರ!"